ಪಿಗ್ಮಿ ಪುಸ್ತಕ ಮತ್ತು ಆಡಿಟ್ ಫೈಲು

ಆಡಿಟ್‌ನವರು ಅಂದ್ರೆ ಮಾರ್ಚ್ ಮುಗಿದ ಮೇಲೆ ಬಂದು, ಚಹಾ ಕುಡಿದು, ಹಸಿರು ಪೆನ್ನಿನಲ್ಲಿ ಟಿಕ್ ಹಾಕಿ ಹೋಗುವವರು ಅಂತ ಎಲ್ಲರ ಕಲ್ಪನೆ. ಟಿಕ್ ಹಾಕೋದು ನಿಜ, ಚಹಾ ಕೂಡ ನಿಜ :-) ಆದರೆ ಯಾವ ಪುಸ್ತಕ, ಯಾವ ದಿನ, ಯಾರ ಕೈಯಿಂದ ಅಂತ ಮೊದಲೇ ಯೋಚನೆ ಮಾಡದಿದ್ದರೆ ಆ ಟಿಕ್ಕಿಗೆ ಮೂರು ಕಾಸಿನ ಬೆಲೆ ಇಲ್ಲ.

ನಾನು ಇದನ್ನು ಕಲಿತದ್ದು 2014ರ ಬೇಸಿಗೆಯಲ್ಲಿ, ಅಂಕಲಿಯ ಒಂದು ಪತ್ತಿನ ಸಹಕಾರಿಯಲ್ಲಿ. ಆಗಿನ್ನೂ ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿದ್ದೆ. (ಇದು ಚಿಕ್ಕೋಡಿ ತಾಲೂಕಿನ ಅಂಕಲಿ. ಸಾಂಗ್ಲಿ ಹತ್ತಿರ ಇನ್ನೊಂದು ಅಂಕಲಿ ಇದೆ, ಅದೂ ಕೃಷ್ಣೆಯ ದಂಡೆಗೇ!)

ಆಡಿಟ್ ಯೋಜನೆಯ ಬಗ್ಗೆ ಎಸ್‌ಎ 300 ಅನ್ನೋ ಮಾನದಂಡ ಇದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ನಮ್ಮ ಸೀನಿಯರ್ ಮಾತ್ರ ಮೊದಲ ದಿನ ಪುಸ್ತಕ ಮುಟ್ಟಲೇ ಇಲ್ಲ. "ಕಾರ್ಖಾನೆ ಕಬ್ಬಿನ ಬಿಲ್ಲು ಯಾವಾಗ ಬಂತ್ರಿ?" ಅಂತ ಸೆಕ್ರೆಟರಿಯನ್ನು ಕೇಳಿದರು. ಅಲ್ಲಿ ದುಡ್ಡು ಓಡಾಡೋದೇ ಕಬ್ಬಿನ ಲೆಕ್ಕದಲ್ಲಿ. ಬಿಲ್ಲೇ ಬಾರದೆ ಮಾರ್ಚ್ ಕೊನೆಗೆ ಸಾಲ ತೀರಿ, ಏಪ್ರಿಲ್ ಮೊದಲ ವಾರ ಅಷ್ಟೇ ಸಾಲ ಮತ್ತೆ ಹೋಗಿದ್ದರೆ, ಅದು ತೀರಿದ್ದಲ್ಲ, ಕಾಗದದ ಮೇಲೆ ತಿರುಗಿದ್ದು. ಹಾಗಾಗಿ ಮಾರ್ಚ್ 31ರ ಹಿಂದೆ ಮುಂದೆ ಹತ್ತು ಹತ್ತು ದಿನದ ವೋಚರ್ ಪೂರ್ತಿ ನೋಡೋದು ಅಂತ ಬರೆದುಕೊಂಡೆವು.

ಆಮೇಲೆ ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ದಿನದ ಉಳಿತಾಯ ಇವತ್ತಿಗೂ ಹಳ್ಳಿಹಳ್ಳಿಯಲ್ಲಿದೆ. ಏಜೆಂಟ್ ಅಂಗಡಿಗೆ ಬರ್ತಾನೆ, ಹತ್ತೋ ಇಪ್ಪತ್ತೋ ತಗೊಂಡು ಪುಸ್ತಕದಲ್ಲಿ ಬರೀತಾನೆ. ಅವನು ಬರೆದದ್ದೆಲ್ಲ ಸಂಘಕ್ಕೆ ಮುಟ್ಟಿತಾ? ಸೆಕ್ರೆಟರಿ "ಏಜೆಂಟ್ ಕಡೆಯಿಂದ ಐವತ್ತು ಪುಸ್ತಕ ತರಿಸ್ತೇನ್ರಿ" ಅಂದರು. ಸೀನಿಯರ್ ಬೇಡ ಅಂದರು. ಯಾರನ್ನು ಪರೀಕ್ಷಿಸಬೇಕೋ ಅವನೇ ಆರಿಸಿ ತಂದ ಸಾಕ್ಷಿ ಯಾಕೆ ಬೇಕು? 2009ರಲ್ಲಿ ಹೊರಬಿದ್ದ ಸತ್ಯಂ ಹಗರಣದಲ್ಲೂ ಇದೇ ತಾನೆ ಆಗಿದ್ದು. ಬ್ಯಾಂಕಿನ ಬಾಕಿ ದೃಢೀಕರಣವನ್ನು ಆಡಿಟರ್‌ಗಳು ತಾವೇ ನೇರವಾಗಿ ತರಿಸದೆ ಕಂಪನಿಯನ್ನೇ ನಂಬಿದರು. ಇಲ್ಲದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬಾಕಿ ಪುಸ್ತಕದಲ್ಲಿ ಕೂತಿತ್ತು.

ಬಿಸಿಲಲ್ಲಿ ಪೇಟೆ ತಿರುಗಿ 22 ಅಂಗಡಿಗಳ ಪುಸ್ತಕ ನೋಡಿದೆ. ಮೂರರಲ್ಲಿ ಲೆಡ್ಜರಿಗಿಂತ ಹೆಚ್ಚಿಗೆ ಬರೆದಿತ್ತು, ಒಟ್ಟು 2,640 ರೂಪಾಯಿ. ಅದರಲ್ಲಿ ಒಬ್ಬರು ಕಾಯಿಪಲ್ಲೆ ಮಾರೋ ಅಜ್ಜಿ. ಓದು ಬಾರದು, ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಕ್ಕಡಿ ಕೆಳಗೆ ಇಟ್ಟಿದ್ದರು. "ಕೋಟಿಗಟ್ಟಲೆ ವ್ಯವಹಾರದಾಗ ಎರಡೂವರೆ ಸಾವಿರ ಏನ್ರೀ, ನಾಳೆ ತುಂಬ್ತಾನ, ಬರೀಬ್ಯಾಡ್ರಿ" ಅಂದರು ಸೆಕ್ರೆಟರಿ. ಮೊತ್ತ ಸಣ್ಣದು, ಒಪ್ಪಿದೆ. ಆದರೆ ನೋಡಿದ 22ರಲ್ಲೇ ಮೂರು ಅಂದ್ರೆ ನೋಡದೆ ಬಿಟ್ಟ ನೂರಾರು ಪುಸ್ತಕಗಳ ಕಥೆ?

ಬರೆದೆವು. ದಾಖಲೆಗೆ ಎಸ್‌ಎ 230 ಇದೆ. ಆ ಕೆಲಸಕ್ಕೆ ಸಂಬಂಧವೇ ಇಲ್ಲದ ಅನುಭವಿ ಆಡಿಟರ್ ಒಬ್ಬ ಫೈಲು ತೆರೆದರೆ ಏನು ಮಾಡಿದರು, ಏನು ಸಿಕ್ಕಿತು, ಯಾಕೆ ಹಾಗೆ ತೀರ್ಮಾನಿಸಿದರು ಅಂತ ತಿಳಿಯಬೇಕು, ಅಷ್ಟೇ ಅದರ ಸಾರ. ವರದಿ ಆದ 60 ದಿನದೊಳಗೆ ಫೈಲು ಕಟ್ಟಿ ಮುಗಿಸಬೇಕು, ಏಳು ವರ್ಷ ಇಡಬೇಕು. "ನೋಡಲಾಗಿದೆ, ಸರಿ ಇದೆ" ಅನ್ನೋ ಒಕ್ಕಣೆಯಿಂದ ಯಾರಿಗೆ ಏನು ತಿಳಿಯುತ್ತೆ? ಹಾಗಾಗಿ ಅಂಗಡಿ, ಖಾತೆ ನಂಬರು, ನೋಡಿದ ತಾರೀಖು, ಪುಸ್ತಕದ ಮೊತ್ತ, ಲೆಡ್ಜರಿನ ಮೊತ್ತ, ಏಜೆಂಟ್ ಕೊಟ್ಟ ಉತ್ತರ, ಎಲ್ಲ ಹಾಕಿದೆ. ಸೆಕ್ರೆಟರಿಯ ಮಾತನ್ನೂ ಹಾಕಿದೆ.

ಮರುವರ್ಷ ನಾನು ಪರೀಕ್ಷೆ ರಜೆಯಲ್ಲಿದ್ದೆ. ಅಂಕಲಿ ಅನ್ನೋ ಹೆಸರನ್ನೇ ಕೇಳಿರದ ಹುಡುಗನೊಬ್ಬ ಆ ಹಾಳೆ ಹಿಡಿದು ನೇರ ಅದೇ 22 ಅಂಗಡಿಗಳಿಗೆ ಹೋದ. ಈ ಸಲ ವ್ಯತ್ಯಾಸ ಏಳರಲ್ಲಿ! ಎರಡು ವರ್ಷದ ಹಾಳೆ ಅಕ್ಕಪಕ್ಕ ಇಟ್ಟ ಮೇಲೆ ಆಡಳಿತ ಮಂಡಳಿಗೆ "ನಾಳೆ ತುಂಬ್ತಾನ" ಅನ್ನಲು ಆಗಲಿಲ್ಲ. ಆ ಏಜೆಂಟನ ಎಲ್ಲ ಪುಸ್ತಕ ತರಿಸಿ ತಾಳೆ ಹಾಕಿದರು, ಅವನಿಂದ ವಸೂಲಿ ಆಯ್ತು. ಅಜ್ಜಿಯ ಖಾತೆಗೆ 1,140 ರೂಪಾಯಿ ಜಮಾ ಮಾಡಿದ ರಸೀದಿಯ ಪ್ರತಿ ಅದೇ ಫೈಲಿನಲ್ಲಿ ನೋಡಿದೆ, ಕೆಳಗೆ ಅವರ ಹೆಬ್ಬೆಟ್ಟು ಇತ್ತು.