ಗಾಡಿಯ ಗೋಡೆಯೊಳಗೆ ಒಂದು ವೈರು

ರಾತ್ರಿ ಬಸ್ಸಿನ ಹಣೆಯ ಮೇಲೆ ‘ವಿಡಿಯೋ ಕೋಚ್’ ಎಂದು ಬರೆಸಿಬಿಟ್ಟರೆ ಟಿಕೆಟ್ಟಿಗೆ ಒಂದಿಷ್ಟು ಹೆಚ್ಚು ಕೇಳಬಹುದಾಗಿದ್ದ ಕಾಲವೊಂದಿತ್ತು. 1982ರ ಏಷ್ಯನ್ ಕ್ರೀಡಾಕೂಟದ ಜೊತೆಗೆ ದೂರದರ್ಶನಕ್ಕೆ ಬಣ್ಣ ಬಂತು. ಅದರ ಬೆನ್ನಿಗೇ ವಿಡಿಯೋ ಕ್ಯಾಸೆಟ್ಟು ಊರೂರು ಸೇರಿತು, ಆಮೇಲೆ ಬಸ್ಸನ್ನೂ ಹತ್ತಿತು. ಡ್ರೈವರನ ಬೆನ್ನ ಹಿಂದೆ ಮರದ ಪೆಟ್ಟಿಗೆಯಲ್ಲಿ ಟಿ.ವಿ., ಅಲ್ಲೇ ಎಲ್ಲೋ ಸ್ಪಂಜಿನ ಹಾಸಿಗೆಯ ಮೇಲೆ ಮಲಗಿದ ವಿ.ಸಿ.ಪಿ. ಬೆಂಗಳೂರು ಬಿಟ್ಟ ಬಸ್ಸು ತುಮಕೂರು ದಾಟುವಾಗ ಹಾಡು, ತಿಪಟೂರಿನ ಹೊತ್ತಿಗೆ ಹೊಡೆದಾಟ, ತರೀಕೆರೆ ಬರುವಷ್ಟರಲ್ಲಿ ನಾಯಕಿಯ ಕಣ್ಣೀರು. ಮಲಗಬೇಕೆಂದವರಿಗೆ ನಿದ್ದೆಯಿಲ್ಲ, ನೋಡಬೇಕೆಂದವರಿಗೆ ಚಿತ್ರ ನಿಲ್ಲದು. ಗುಂಡಿ ಬಂದಾಗಲೆಲ್ಲ ನಾಯಕ ಎರಡು ತುಂಡಾಗುತ್ತಿದ್ದ.

ಹಾಗೆ ತುಂಡಾದ ನಾಯಕರನ್ನು ಜೋಡಿಸಿ ಕಳಿಸುತ್ತಿದ್ದವರಲ್ಲಿ ಒಬ್ಬರು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಇಂದಿಗೂ ಆಟೋ ಎಲೆಕ್ಟ್ರಿಷಿಯನ್. ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಬಹಳ ದೂರವಲ್ಲದ ಶೀಟಿನ ಶೆಡ್ಡು, ಎರಡು ಡ್ರಿಲ್ಲು, ಒಂದು ಮಲ್ಟಿಮೀಟರು, ಗೋಡೆಯ ತುಂಬ ಸುತ್ತಿಟ್ಟ ವೈರು. ವಿ.ಸಿ.ಪಿ. ಹೋಗಿ ಸಿ.ಡಿ. ಬಂತು, ಅದೂ ಹೋಯಿತು. ಕ್ಯಾಸೆಟ್ಟು ಓಡಿಸುವ ಯಂತ್ರವನ್ನು ಜಪಾನಿನ ಕೊನೆಯ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಆದರೆ ಗಾಡಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಚಿತ್ರವನ್ನು ಒಯ್ಯುವ ಕೆಲಸ ಮಾತ್ರ ಹೋಗಲಿಲ್ಲ.

ಈಚಿನ ಒಂದು ಬೇಸಿಗೆಯಲ್ಲಿ ಆ ಶೆಡ್ಡಿಗೆ ಬಂದದ್ದು ಬಸ್ಸಲ್ಲ, ಮನೆ. ಶಿವಮೊಗ್ಗದವರೊಬ್ಬರು ಹಳೆಯ ದೊಡ್ಡ ವ್ಯಾನೊಂದನ್ನು ಕೊಂಡು ಒಳಗೆ ಎರಡು ಮಂಚ, ಒಲೆ, ನೀರಿನ ತೊಟ್ಟಿ ಕೂರಿಸಿದ್ದರು. ಜೋಗ, ಆಗುಂಬೆ, ಸಕ್ರೆಬೈಲು ನೋಡಲು ಬರುವವರಿಗೆ ಬಾಡಿಗೆಗೆ ಕೊಡುವ ಯೋಚನೆ. ಕೇಂದ್ರ ಸರ್ಕಾರ 2010ರಲ್ಲೇ ಇಂಥ ಗಾಡಿಗಳ ಪ್ರವಾಸಕ್ಕೊಂದು ನೀತಿ ಮಾಡಿತ್ತು. ಪಕ್ಕದ ಕೇರಳ 2021ರಲ್ಲಿ ಅದಕ್ಕೆಂದೇ ಯೋಜನೆ ತಂದಿತು. ಹಾಗೆಂದು ಯಾರು ಬೇಕಾದರೂ ವ್ಯಾನನ್ನು ಮನೆ ಮಾಡಿಕೊಳ್ಳುವಂತಿಲ್ಲ. ನೋಂದಣಿಯಾದ ರೂಪವನ್ನು ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿ ಬೇಕು. ಆ ಓಡಾಟ ಮಾಲೀಕರದು. ಶೆಡ್ಡಿನವರ ಪಾಲಿಗೆ ಬಂದದ್ದು ವೈರಿಂಗ್: ಮಾಡಿನ ಮೇಲಿನ ಡಿಶ್ಶಿನಿಂದ ಒಂದು ಕೇಬಲ್, ಮುಂದಿನ ಕಪಾಟಿನಿಂದ ಹಿಂದಿನ ಮಂಚದೆದುರಿನ ಟಿ.ವಿ.ಗೆ ಒಂದು, ಹಿಂಬದಿಯ ಕ್ಯಾಮೆರಾದಿಂದ ಡ್ರೈವರನ ಕಡೆಗೆ ಮತ್ತೊಂದು. ಮೂರೂ ಗೋಡೆಯೊಳಗೇ ಹೋಗಬೇಕು. ಹೊರಗೆ ಒಂದು ಎಳೆಯೂ ಕಾಣಕೂಡದು.

ಕೈಗೆ ಸಹಾಯಕ್ಕಿದ್ದವನು ಎಲೆಕ್ಟ್ರಿಷಿಯನ್ನರ ಅಕ್ಕನ ಮಗ, ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶ ಕಾಯುತ್ತಿದ್ದ ಹುಡುಗ. ಅವನ ತಂದೆ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರು. 1923ರಲ್ಲಿ ಶುರುವಾಗಿ ಈ ಊರಿಗೆ ಅನ್ನ, ಹೆಸರು ಎರಡನ್ನೂ ಕೊಟ್ಟ ಕಾರ್ಖಾನೆ ಅದು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ನಡುವಿನ ಆ ತಿಂಗಳುಗಳಲ್ಲಿ ತಂದೆಯ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತ್ತು. ಮಗ ಸ್ಪ್ಯಾನರ್ ಹಿಡಿಯಬಾರದು. ವಿಜ್ಞಾನ ಪಿ.ಯು.ಸಿ., ಸಿ.ಇ.ಟಿ., ಎಂಜಿನಿಯರಿಂಗ್. ಹುಡುಗನಿಗೋ ಐ.ಟಿ.ಐ. ಆಸೆ. ಭಾವಮೈದನೇ ಮಗನ ತಲೆ ಕೆಡಿಸುತ್ತಿದ್ದಾನೆಂಬ ಅನುಮಾನ ತಂದೆಗೆ. ಎರಡು ಮನೆಗಳ ನಡುವೆ ಮಾತು ಕಡಿಮೆಯಾಗಿತ್ತು.

ಗಾಡಿಯ ಗೋಡೆ ಮನೆಯ ಗೋಡೆಯಂತಲ್ಲ. ಹೊರಗೆ ತಗಡು, ಒಳಗೆ ಸನ್‌ಮೈಕ ಅಂಟಿಸಿದ ಪ್ಲೈವುಡ್, ಮಧ್ಯೆ ಚೌಕದ ಕಬ್ಬಿಣದ ಪೈಪುಗಳ ಹಂದರ. ಮನೆಯ ಗೋಡೆ ನಿಂತಲ್ಲೇ ನಿಂತಿರುತ್ತದೆ. ಇದು ಹೊಸನಗರದ ತಿರುವುಗಳಲ್ಲಿ ದಿನವಿಡೀ ನಡುಗುತ್ತದೆ. ತಗಡಿನ ತೂತಿನ ಅಂಚು ಎಂದರೆ ಕತ್ತಿ. ವೈರು ಅದರ ಮೇಲೆ ಕೂತು ಉಜ್ಜಿ ಉಜ್ಜಿ ಒಂದು ದಿನ ಸಿಪ್ಪೆ ಸುಲಿಯುತ್ತದೆ. ಗಾಡಿಯ ಇಡೀ ಮೈಯೇ ಬ್ಯಾಟರಿಯ ಋಣ ತುದಿ. ಧನ ವೈರಿನ ತಾಮ್ರ ಆ ಮೈಗೆ ತಾಗಿತೋ, ನೂರಾರು ಆಂಪಿಯರ್ ಕರೆಂಟು ಒಮ್ಮೆಗೇ ನುಗ್ಗುತ್ತದೆ. ಫ್ಯೂಸ್ ಇದ್ದರೆ ಅದು ಸುಟ್ಟು ಉಳಿದದ್ದನ್ನು ಕಾಯುತ್ತದೆ. ಇಲ್ಲದಿದ್ದರೆ ವೈರೇ ಕೆಂಪಗೆ ಕಾಯುತ್ತದೆ. ಸುತ್ತ ಇರುವುದು ಪ್ಲೈವುಡ್ಡು, ಸ್ಪಂಜು, ಒಳಗೆ ಮಲಗಿದ ಮಕ್ಕಳು. ಹಾಗಾಗಿ ಪ್ರತಿ ತೂತಿಗೂ ರಬ್ಬರಿನ ಗ್ರಾಮೆಟ್ಟು, ಗೇಣಿಗೊಂದು ಕಟ್ಟು, ಧನ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸು. ಇದು ಮಾವನ ಮೊದಲ ಪಾಠ.

ಎರಡನೆಯದು ಬಾಗು. ಡಿಶ್ಶಿನ ಕೇಬಲನ್ನು ಅಡ್ಡ ಕೊಯ್ದು ನೋಡಿದರೆ ನಡುವೆ ಒಂಟಿ ತಂತಿ, ಅದರ ಸುತ್ತ ಬಿಳಿಯ ಪ್ಲಾಸ್ಟಿಕ್ ನೊರೆ, ಅದರ ಮೇಲೆ ಹೆಣೆದ ಜಾಲರಿ, ಹೊರಗೆ ಕಪ್ಪು ಅಂಗಿ. ನಡುವಿನ ತಂತಿಗೂ ಜಾಲರಿಗೂ ಇರುವ ಅಂತರ ಉದ್ದಕ್ಕೂ ಒಂದೇ ಸಮ ಇರಬೇಕು. ಮೂಲೆಯಲ್ಲಿ ಮಡಚಿದರೆ ನೊರೆ ಚಪ್ಪಟೆಯಾಗಿ ಅಲ್ಲಿಂದ ಸಿಗ್ನಲ್ಲಿನ ಒಂದು ಪಾಲು ಹಿಂದಕ್ಕೆ ಬಡಿದು ಬರುತ್ತದೆ. ಹಳೆಯ ಟಿ.ವಿ.ಗಳಲ್ಲಿ ನಾಯಕನ ಪಕ್ಕ ಅವನದೇ ಭೂತ ನಿಲ್ಲುತ್ತಿದ್ದುದಕ್ಕೆ ಇಂಥ ಮಡಿಕೆಗಳೂ ಒಂದು ಕಾರಣ. ಕೇಬಲ್ಲಿನ ದಪ್ಪದ ಹತ್ತು ಪಟ್ಟಿಗಿಂತ ಕಿರಿದಾಗಿ ಬಾಗಿಸಬೇಡ ಎನ್ನುವುದು ಲೆಕ್ಕ. ಅಂದರೆ ಈ ಕೇಬಲ್ಲಿಗೆ ಸುಮಾರು ಏಳು ಸೆಂಟಿಮೀಟರ್ ತ್ರಿಜ್ಯ.

ಹುಡುಗ ಒಂದು ದಿನ ಮೀಟರು ಹಿಡಿದು ಬಂದ.

“ಮಾವ, ಇದರ ಮೇಲೆ 75 ಓಮ್ ಅಂತ ಬರೆದಿದೆ. ಅಳೆದರೆ ಬರೋದೇ ಇಲ್ಲ. ತುದಿಯಿಂದ ತುದಿಗೆ ಸೊನ್ನೆ ತೋರಿಸುತ್ತೆ, ತಂತಿಗೂ ಜಾಲರಿಗೂ ಏನೂ ಇಲ್ಲ.”

“ಮೀಟರಿಗೆ ಸಿಗಲ್ಲ ಕಣೋ ಅದು.”

“ಮತ್ತೆ ಎಲ್ಲಿದೆ?”

ಮಾವ ಬೀಡಿ ಹಚ್ಚಿದರು. “ಮೂವತ್ತು ವರ್ಷದಿಂದ 75ರ ಕೇಬಲ್ಲೇ ಹಾಕ್ತಿದ್ದೀನಿ. ಯಾಕೆ 75 ಅಂತ ನಂಗೊತ್ತಿಲ್ಲ. ಯಾರನ್ನಾದರೂ ಓದಿದವರನ್ನ ಕೇಳು.”

ಓದಿದವರು ಸಿಕ್ಕಿದ್ದು ಹುಡುಗನ ಹಳೆಯ ವಿಜ್ಞಾನದ ಮೇಷ್ಟ್ರು. ಅವರು ಬಚ್ಚಲಿನ ಉದಾಹರಣೆ ಕೊಟ್ಟರಂತೆ. ನಿಂತ ನೀರನ್ನು ಅಳೆಯುವುದು ಬೇರೆ, ಅಲೆ ಸಾಗುವ ದಾರಿಯನ್ನು ಅಳೆಯುವುದು ಬೇರೆ. 75 ಎನ್ನುವುದು ವೇಗವಾಗಿ ಏರಿಳಿಯುವ ಅಲೆಗೆ ಆ ಕೇಬಲ್ಲು ಒಡ್ಡುವ ತಡೆ. ತಂತಿಯ ದಪ್ಪ, ಜಾಲರಿಯ ಅಗಲ, ನಡುವೆ ತುಂಬಿದ ವಸ್ತು, ಈ ಮೂರೇ ಅದನ್ನು ನಿರ್ಧರಿಸುತ್ತವೆ. ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ನಡುವೆ ಬರೀ ಗಾಳಿ ಇದ್ದರೆ ಸುಮಾರು 77 ಓಮ್‌ನಲ್ಲಿ ಸಿಗ್ನಲ್ ಅತಿ ಕಡಿಮೆ ಸೊರಗುತ್ತದೆ. 75 ಅದರ ಪಕ್ಕದ ಮನೆ. ಹುಡುಗ ಬಂದು ಇದನ್ನೆಲ್ಲ ಮಾವನಿಗೆ ಹೇಳಿದ. ಮಾವ ಪೂರ್ತಿ ಕೇಳಿ, “ಅದಕ್ಕೇ ಮಡಚಬಾರದು ಅನ್ನೋದು” ಎಂದಷ್ಟೇ ಹೇಳಿದರು. ಮೂವತ್ತು ವರ್ಷದ ಕೈಗೆ ಕಾರಣ ಸಿಕ್ಕಾಗಿನ ಖುಷಿ ಅವರ ಮುಖದಲ್ಲಿ ಇತ್ತು. ಜೊತೆಗೆ ಸಣ್ಣದೊಂದು ಸಂಕಟವೂ ಇದ್ದಿರಬಹುದು.

ಕೆಲಸ ನಿಧಾನ. ತಡವಾಗಲು ಇನ್ನೊಂದು ಕಾರಣ ಹುಡುಗನ ನೋಟ್‌ಬುಕ್ಕು. ಪ್ಲೈವುಡ್ ಹೊಡೆಯುವ ಮೊದಲೇ ಒಂದೊಂದು ಗೋಡೆಯನ್ನೂ ಅವನು ಅಳತೆ ಸಮೇತ ಬರೆದಿಟ್ಟಿದ್ದ. ಯಾವ ಪೈಪು ಬಾಗಿಲಿನಿಂದ ಎಷ್ಟು ಸೆಂಟಿಮೀಟರ್, ಇನ್ವರ್ಟರಿನ 230 ವೋಲ್ಟ್ ವೈರು ಎಷ್ಟು ಎತ್ತರದಲ್ಲಿ. ಬಡಗಿ ನಕ್ಕಿದ್ದ.

ಶುಕ್ರವಾರ ಮಧ್ಯಾಹ್ನ ಮಾವ ಊಟಕ್ಕೆ ಹೋದಾಗ ಮಾಲೀಕರು ಬಂದರು. ಮರುದಿನ ಬೆಳಿಗ್ಗೆ ಗಾಡಿ ಬೇಕು, ಗಿರಾಕಿಗೆ ಮಾತು ಕೊಟ್ಟಾಗಿದೆ. ಟಿ.ವಿ.ಗೆ ಹೋಗುವ ಎಚ್.ಡಿ.ಎಂ.ಐ. ಕೇಬಲ್ಲು ಇನ್ನೂ ಸುರುಳಿಯಲ್ಲೇ ಇತ್ತು. ಅದರ ಮೂತಿ ಅಗಲ, ಕತ್ತರಿಸಿ ಮತ್ತೆ ಕೂಡಿಸುವಂತಿಲ್ಲ, ದೊಡ್ಡ ತೂತೇ ಬೇಕು.

“ಇಲ್ಲೇ ಒಂದು ತೂತು ಹೊಡಿ. ಒಳಗೆ ಆ ಕರೆಂಟ್ ಪೈಪ್ ಇದೆಯಲ್ಲ, ಅದರಲ್ಲೇ ತೂರಿಸು. ಹತ್ತು ನಿಮಿಷದ ಕೆಲಸ.”

ಹುಡುಗ ಪುಸ್ತಕ ತೆರೆದು ನೋಡಿದ. “ಸರ್, ನೀವು ತೋರಿಸಿದ ಜಾಗದ ಹಿಂದೇನೇ 230ರ ವೈರಿದೆ. ಬಿಟ್ ಅದಕ್ಕೇ ಹೊಡೆಯುತ್ತೆ. ಪೈಪಲ್ಲಿ ಎರಡೂ ಒಟ್ಟಿಗೆ ಹಾಕಿದ್ರೆ, ಉಜ್ಜಿ ಸಿಪ್ಪೆ ಹೋದ ದಿನ ಟಿ.ವಿ. ಮುಟ್ಟಿದವರಿಗೆ ಶಾಕ್. ನಾನು ಹೊಡೆಯಲ್ಲ.”

“ನಿನ್ನ ಮಾವ ಬರಲಿ.”

“ಅವರು ಬಂದ್ರೂ ಹೊಡೆಯಲ್ಲ ಸರ್.”

ಶೆಡ್ಡಿನ ಬಾಗಿಲಲ್ಲಿ ಆಗ ತಂದೆ ನಿಂತಿದ್ದರು. ಮಗನನ್ನು ಮನೆಗೆ ಎಳೆದೊಯ್ಯಲೆಂದೇ ಬಂದವರು. ಕೈಯಲ್ಲಿ ಪಿ.ಯು. ಕಾಲೇಜಿನ ಅರ್ಜಿ. ಮಾಲೀಕರು ಸಿಟ್ಟಿನಲ್ಲಿ ಹೊರಗೆ ಹೋಗಿ ಫೋನು ತೆಗೆದರು. ತಂದೆ ಒಳಗೆ ಬಂದು ಪುಸ್ತಕ ಕೈಗೆತ್ತಿಕೊಂಡು ಹಾಳೆ ತಿರುವಿದರು. ಕಾರ್ಖಾನೆಯಲ್ಲಿ ಡ್ರಾಯಿಂಗ್ ಹಿಡಿದು ಓಡಾಡುವವರನ್ನು ವರ್ಷಗಟ್ಟಲೆ ನೋಡಿದ್ದ ಕಣ್ಣು ಅದು.

“ಇದನ್ನ ಯಾರು ಬರೆದದ್ದು?”

“ನಾನೇ ಅಪ್ಪ.”

ಮಾವ ಬಂದ ಮೇಲೆ ಆದದ್ದು ಹೆಚ್ಚೇನಿಲ್ಲ. ಮಾಲೀಕರಿಗೆ ಅವರು ಹೇಳಿದ್ದು ಒಂದೇ ಮಾತು, ಗಾಡಿ ಭಾನುವಾರ. ಬೇರೆ ಕಡೆ ಮಾಡಿಸಿಕೊಳ್ಳುವುದಿದ್ದರೆ ಇಂದೇ ತಳ್ಳಿಕೊಂಡು ಹೋಗಬಹುದು. ಶನಿವಾರದ ಬಾಡಿಗೆ ಹೋಯಿತು. ಅದರ ಮೊತ್ತವನ್ನು ಮಾಲೀಕರು ಕೂಲಿಯಲ್ಲಿ ಮುರಿದುಕೊಂಡರು. ಮಾವ ಚೌಕಾಸಿ ಮಾಡಲಿಲ್ಲ. ಮೇ ತಿಂಗಳಲ್ಲಿ ಅದು ಸಣ್ಣ ದುಡ್ಡಲ್ಲ.

ಶನಿವಾರ ಸಂಜೆ ಕೇಬಲ್ ಎಳೆದರು. ಕರೆಂಟಿನ ವೈರಿಗೆ ಎದುರು ಬದಿಯ ಗೋಡೆಯಲ್ಲಿ ಪ್ರತ್ಯೇಕ ಪೈಪು. ಹಿಂದಿನ ತೂತಿನಿಂದ ಜಿ.ಐ. ತಂತಿ ತೂರಿಸಿ, ಮುಂದೆ ಅದಕ್ಕೆ ಕೇಬಲ್ಲಿನ ಮೂತಿಯನ್ನೂ ಒಂದು ನೈಲಾನ್ ದಾರವನ್ನೂ ಟೇಪಿನಿಂದ ಕಟ್ಟಿದರು. ಹಿಂದಿನಿಂದ ಎಳೆಯಲು ಇನ್ನೊಂದು ಕೈ ಬೇಕಿತ್ತು. “ಭಾವಾ, ಸ್ವಲ್ಪ ಹಿಡೀತೀರಾ?” ಎಂದರು ಮಾವ. ಒಂದೂವರೆ ತಿಂಗಳಲ್ಲಿ ಅವರಿಬ್ಬರ ನಡುವಿನ ಮೊದಲ ಮಾತು ಅದು.

ಎಂಜಿನ್ ಚಾಲೂ ಮಾಡಿದಾಗ ಹಿಂಬದಿ ಕ್ಯಾಮೆರಾದ ಚಿತ್ರದಲ್ಲಿ ಅಡ್ಡ ಗೆರೆಗಳು ಏರತೊಡಗಿದವು. ಆಕ್ಸಲರೇಟರ್ ಒತ್ತಿದಷ್ಟೂ ವೇಗ. ಕ್ಯಾಮೆರಾದ ಅರ್ಥು ಹಿಂದೆ, ಪರದೆಯದು ಮುಂದೆ. ಎರಡರ ನಡುವಿನ ಗಾಡಿಯ ಮೈಯಲ್ಲಿ ವೋಲ್ಟೇಜು ಚೂರು ಹೆಚ್ಚುಕಡಿಮೆಯಾದರೂ ಜಾಲರಿಯಲ್ಲಿ ಕರೆಂಟು ಹರಿದು ಹೀಗಾಗುತ್ತದೆ. ಎರಡನ್ನೂ ಒಂದೇ ಬೋಲ್ಟಿಗೆ ತಂದು ಬಿಗಿದ ಮೇಲೆ ಗೆರೆ ಮಾಯ. ಡಿಶ್ಶನ್ನು ಆಗ್ನೇಯಕ್ಕೆ ತಿರುಗಿಸಿದಾಗ ದೂರದರ್ಶನವೂ ಬಂತು. ಆಗುಂಬೆಯ ಮರಗಳ ಕೆಳಗೆ ಬರುತ್ತದೆಂದು ಯಾರೂ ಭರವಸೆ ಕೊಡಲಿಲ್ಲ.

ಕೇಬಲ್ಲಿನ ಜೊತೆ ಎಳೆದ ದಾರವನ್ನು ಮಾವ ಗೋಡೆಯೊಳಗೇ ಬಿಟ್ಟರು. ಮುಂದೆ ಯಾರಾದರೂ ಇನ್ನೊಂದು ವೈರು ಎಳೆಯುವುದಿದ್ದರೆ ಪ್ಲೈವುಡ್ ಬಿಚ್ಚಬೇಕಾಗಿಲ್ಲ. ತಂದೆ ಅದನ್ನು ಎರಡು ಸಲ ಕೇಳಿ ತಿಳಿದುಕೊಂಡರು. ಅರ್ಜಿಯನ್ನು ಅಲ್ಲೇ ಫ್ಯೂಸಿನ ಡಬ್ಬಿಯ ಮೇಲೆ ಮರೆತು ಹೋಗಿದ್ದರು. ಸೋಮವಾರ ಹುಡುಗ ಅದನ್ನು ಮನೆಗೆ ಒಯ್ದ. ಐ.ಟಿ.ಐ.ಯ ಅರ್ಜಿಗೆ ಕೊನೆಯ ದಿನ ಯಾವುದೆಂದು ಅಂದು ರಾತ್ರಿ ಕೇಳಿದವರು ತಂದೆಯೇ.