ಹೋಗಿ ಬರ್ತೀನಿ

ನಮ್ಮ ಕಡೆ ಮನೆಗೆ ಬಂದವರು ಎದ್ದು ಹೊರಡುವಾಗ ‘ಹೋಗ್ತೀನಿ’ ಅನ್ನುವ ಹಾಗಿಲ್ಲ. ಅಂದರೆ ಅಜ್ಜಿ ಗದರುತ್ತಾಳೆ. ‘ಬರ್ತೀನಿ’ ಅನ್ನಬೇಕು, ಇಲ್ಲವೇ ‘ಹೋಗಿ ಬರ್ತೀನಿ’. ಬರೀ ಹೋಗುವುದು ಕೆಟ್ಟ ಮಾತು, ಬದುಕಿರುವವರು ಬರುವವರೇ. ಚೆಂದದ ಪದ್ಧತಿ, ಬೇಡ ಅನ್ನುವುದಿಲ್ಲ. ಆದರೆ ಕೆಲವು ನೆಂಟರಿರುತ್ತಾರೆ. ‘ಬರ್ತೀನಿ’ ಅಂದು ಚಪ್ಪಲಿ ಮೆಟ್ಟಿ, ಹೊಸಿಲ ಹತ್ತಿರ ನಿಂತು ಮತ್ತೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಒಳಗೆ ಬನ್ನಿ ಅಂದರೆ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಮನೆಯವರು ಬಾಗಿಲು ಹಾಕುವ ಹಾಗಿಲ್ಲ, ಊಟಕ್ಕೆ ಕೂರುವ ಹಾಗಿಲ್ಲ.

ಮಹೇಂದ್ರ ಸಿಂಗ್ ಧೋನಿ ಹಾಗೆ ನಮ್ಮ ಹೊಸಿಲಲ್ಲಿ ನಿಂತದ್ದು 2019ರಿಂದ.

ನಾನು ಅವರ ವಿರೋಧಿಯಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. 2011ರ ಏಪ್ರಿಲ್ 2ರ ರಾತ್ರಿ ವಾಂಖೆಡೆಯಲ್ಲಿ ಅವರು ಸಿಕ್ಸರ್ ಹೊಡೆದು ವಿಶ್ವಕಪ್ ಗೆದ್ದುಕೊಟ್ಟಾಗ ನನಗೆ ಐದು ವರ್ಷ. ಅಪ್ಪ ನನ್ನನ್ನು ಎತ್ತಿ ಸೂರಿಗೆ ತಾಗಿಸಿದ್ದೊಂದು ನೆನಪಿದೆ, ಸಿಕ್ಸರ್ ನೆನಪಿಲ್ಲ. ಆಮೇಲೆ ನೂರು ಸಲ ನೋಡಿ ನೆನಪು ಮಾಡಿಕೊಂಡದ್ದು. ಹೀಗೆ ಪ್ರೀತಿಸಿದವರಿಗೆ ಮಾತ್ರ ಬರುವ ಸಿಟ್ಟು ಇದು.

ಆ ಮನುಷ್ಯನಿಗೆ ಹೋಗಲು ಬರುವುದಿಲ್ಲ ಅಂತಲ್ಲ. 2014ರ ಡಿಸೆಂಬರ್ 30, ಮೆಲ್ಬರ್ನ್. ಟೆಸ್ಟ್ ಡ್ರಾ ಆಯಿತು, ಸರಣಿಯಲ್ಲಿ ಇನ್ನೂ ಒಂದು ಪಂದ್ಯ ಬಾಕಿ. ಯಾರಿಗೂ ಸುಳಿವು ಕೊಡದೆ ಟೆಸ್ಟ್ ಕ್ರಿಕೆಟ್ ಮುಗಿಸಿಬಿಟ್ಟರು. ತೊಂಬತ್ತು ಟೆಸ್ಟ್ ಆಗಿತ್ತು. ನೂರಕ್ಕೆ ಬರೀ ಹತ್ತು. ಇನ್ಯಾರಾದರೂ ಆಗಿದ್ದರೆ ಆ ಹತ್ತಕ್ಕಾಗಿ ಎರಡು ವರ್ಷ ಎಳೆಯುತ್ತಿದ್ದರು. ಇವರು ಎಳೆಯಲಿಲ್ಲ.

ಅದೇ ಮನುಷ್ಯ 2019ರ ಜುಲೈ 10ರಂದು ಮ್ಯಾಂಚೆಸ್ಟರಿನಲ್ಲಿ, ನ್ಯೂಜಿಲೆಂಡ್ ವಿರುದ್ಧದ ಸೆಮಿಫೈನಲ್ಲಿನಲ್ಲಿ, ಗಪ್ಟಿಲ್ ಎಸೆದ ಚೆಂಡಿಗೆ ಐವತ್ತಕ್ಕೆ ರನೌಟಾಗಿ ಹೋದವರು ಹದಿಮೂರು ತಿಂಗಳು ಬಾಯಿ ಬಿಡಲಿಲ್ಲ. 2020ರ ಆಗಸ್ಟ್ 15ರ ಸಂಜೆ, 19:29ರಿಂದ ನಾನು ನಿವೃತ್ತ ಎಂದು ತಿಳಿಯಿರಿ ಅಂತ ಇನ್‌ಸ್ಟಾಗ್ರಾಮಿನಲ್ಲಿ ಒಂದು ಸಾಲು. ಮುಗಿಯಿತಪ್ಪ ಅಂದುಕೊಂಡೆವು. ಎಲ್ಲಿ ಮುಗಿಯಿತು? ಐಪಿಎಲ್ ಇತ್ತಲ್ಲ. ಆ ವರ್ಷದ ನವೆಂಬರಿನಲ್ಲಿ, ಹಳದಿ ಅಂಗಿಯಲ್ಲಿ ಇದೇ ಕೊನೆಯ ಪಂದ್ಯವಾ ಅಂತ ಕೇಳಿದ್ದಕ್ಕೆ ‘ಖಂಡಿತ ಇಲ್ಲ’ ಅಂದರು. 2023ರಲ್ಲಿ ಅಹಮದಾಬಾದಿನಲ್ಲಿ ಐದನೇ ಸಲ ಕಪ್ ಗೆದ್ದಾಗ, ನಿವೃತ್ತಿ ಹೇಳಲು ಇದೇ ಸರಿಯಾದ ಸಮಯ ಅಂತ ಅವರೇ ಒಪ್ಪಿಕೊಂಡರು, ಆದರೆ ಹೇಳಲಿಲ್ಲ. ಇನ್ನೊಂದು ವರ್ಷ ಆಡುವುದು ಅಭಿಮಾನಿಗಳಿಗೆ ಉಡುಗೊರೆ ಅಂದರು. 2024ರಲ್ಲಿ ನಾಯಕತ್ವವನ್ನು ಋತುರಾಜ್‌ಗೆ ಕೊಟ್ಟರು. 2025ರಲ್ಲಿ ಋತುರಾಜ್ ಮೊಣಕೈಗೆ ಪೆಟ್ಟಾಗಿ, ನಲವತ್ಮೂರನೇ ವಯಸ್ಸಿನಲ್ಲಿ ಮತ್ತೆ ನಾಯಕರಾದರು. ತಂಡ ಮೊದಲ ಬಾರಿಗೆ ಪಟ್ಟಿಯ ತಳ ಸೇರಿತು. ಮೇ 25ರ ಕಡೇ ಪಂದ್ಯದ ದಿನ ಕೇಳಿದರೆ: ನಾಲ್ಕೈದು ತಿಂಗಳು ಸಮಯವಿದೆ, ಮುಗೀತು ಅಂತಲೂ ಹೇಳುವುದಿಲ್ಲ, ಬರ್ತೀನಿ ಅಂತಲೂ ಹೇಳುವುದಿಲ್ಲ. ನವೆಂಬರಿನಲ್ಲಿ ಚೆನ್ನೈಯವರು ಮುಂದಿನ ಸಾಲಿಗೂ ಅವರನ್ನು ಉಳಿಸಿಕೊಂಡರು. ಅದೇ ಹೊತ್ತಿಗೆ ಸಂಜು ಸ್ಯಾಮ್ಸನ್ ಎಂಬ ಇನ್ನೊಬ್ಬ ಕೀಪರನ್ನೂ ತಂದರು.

ಅಳಲಿಕ್ಕೂ ಬಿಡುವುದಿಲ್ಲ, ನಗಲಿಕ್ಕೂ ಬಿಡುವುದಿಲ್ಲ ಅಂದರೆ ಇದೇ. ಪ್ರತಿ ಮೇ ತಿಂಗಳು ಒಂದು ಕಡೆ ಸೆಮಿಸ್ಟರ್ ಪರೀಕ್ಷೆ, ಇನ್ನೊಂದು ಕಡೆ ‘ಇವತ್ತೇ ಕೊನೇದಂತೆ ಕಣೋ’ ಅನ್ನುವ ಗುಲ್ಲು. 2025ರ ಏಪ್ರಿಲ್ 5ರಂದು ಚೆನ್ನೈಯಲ್ಲಿ ದೆಹಲಿ ವಿರುದ್ಧದ ಪಂದ್ಯಕ್ಕೆ ಅವರ ಅಪ್ಪ ಅಮ್ಮ ಬಂದು ಕೂತರು ಅಂತ ದೇಶವೆಲ್ಲ ಒದ್ದೆ ಕಣ್ಣು ಮಾಡಿಕೊಂಡು ಕಾಯಿತು. ಪಂದ್ಯ ಸೋತರು, ಅಪ್ಪ ಅಮ್ಮ ಮನೆಗೆ ಹೋದರು, ಮಗ ಮಾತ್ರ ಹೋಗಲಿಲ್ಲ.

ಈ ದೆಹಲಿಯಲ್ಲಿ ಕೂತು ಇದನ್ನೆಲ್ಲ ನೋಡುವುದು ಇನ್ನೂ ವಿಚಿತ್ರ. ದೆಹಲಿ ಅಂದರೆ ತಾರೀಖಿನ ಊರು. ನಾನಿರುವುದು ಆರ್.ಕೆ.ಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಮಾವನ ಮನೆಯಲ್ಲಿ. ಇಲ್ಲಿ ಯಾವ ಬ್ಲಾಕಿನಲ್ಲಿ ಬೇಕಾದರೂ ಬಾಗಿಲು ತಟ್ಟಿ ಕೇಳಿ, ಯಾರ ಯಜಮಾನರು ಯಾವ ತಿಂಗಳು ರಿಟೈರ್ ಆಗುತ್ತಾರೆ ಅಂತ ಮನೆಯ ಮಕ್ಕಳೂ ಹೇಳುತ್ತವೆ. ಅರವತ್ತು ತುಂಬುವ ತಿಂಗಳ ಕೊನೆಯ ದಿನ. ಗುಮಾಸ್ತನಿಗೂ ಅದೇ, ಕಾರ್ಯದರ್ಶಿಗೂ ಅದೇ. ನೌಕರಿಗೆ ಸೇರಿದ ದಿನವೇ ಹೊರಡುವ ದಿನವೂ ಬರೆದಾಗಿರುತ್ತದೆ. ಮಾವನದು ಬರುವ ವರ್ಷ. ಈಗಾಗಲೇ ತಮ್ಮ ಸೀಟಿಗೆ ಬರುವ ಹುಡುಗಿಗೆ ಫೈಲು ತೋರಿಸಿಕೊಡುತ್ತಿದ್ದಾರೆ. ‘ಕುರ್ಚಿ ಬಿಡೋದು ಕಷ್ಟ ಅಲ್ಲ ಕಣೋ. ಬಿಟ್ಟ ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಾಲು ಎಲ್ಲಿ ಇಡೋದು ಅನ್ನೋದು ಕಷ್ಟ’ ಅನ್ನುತ್ತಾರೆ. ಧೋನಿಗೂ ಅದೇ ಕಷ್ಟ ಇರಬಹುದು. ಇರಲಿ, ಆದರೆ ಮಾವನಿಗೆ ತಾರೀಖು ಇದೆಯಲ್ಲ.

ನಾನು ಕಾಮರ್ಸಿನವನು, ನನ್ನ ಪಾಠದಲ್ಲೂ ಇದಕ್ಕೊಂದು ಮಾತಿದೆ. ಪಿಯುಸಿಯಲ್ಲಿ ಕನ್ನಡದಲ್ಲೇ ಓದಿದ್ದೆ, ‘ಪಾಲುದಾರನ ನಿವೃತ್ತಿ’. ಪಾಲುದಾರ ಹೊರಟಾಗ ಸಂಸ್ಥೆಯ ಕೀರ್ತಿಮೌಲ್ಯವನ್ನು ಲೆಕ್ಕ ಹಾಕಬೇಕು. ಆ ಹೆಸರು ಗಳಿಸಲು ಅವನೂ ದುಡಿದಿದ್ದಾನೆ, ಅವನ ಪಾಲು ಅವನಿಗೆ ಸಲ್ಲಬೇಕು. ಉಳಿದವರು ಅವನ ಸ್ಥಾನ ಹಂಚಿಕೊಳ್ಳುತ್ತಾರೆ, ಹಂಚಿಕೊಂಡದ್ದಕ್ಕೆ ಬೆಲೆ ಕಟ್ಟುತ್ತಾರೆ. ಯಾರಿಗೂ ಅವಮಾನ ಇಲ್ಲ. ಆದರೆ 1932ರ ಪಾಲುದಾರಿಕೆ ಕಾಯಿದೆಯ 32ನೇ ಕಲಮು ಒಂದು ಮಾತು ಸೇರಿಸುತ್ತದೆ: ನಿವೃತ್ತನಾದೆ ಎಂದು ಸಾರ್ವಜನಿಕವಾಗಿ ತಿಳಿಸುವ ತನಕ ಹೊರಗಿನವರ ಮಟ್ಟಿಗೆ ಅವನ ಹೊಣೆ ತಪ್ಪುವುದಿಲ್ಲ. ಹೊರಗಿನವರು ಅಂದರೆ ಅವನ ಹೆಸರು ನಂಬಿ ವ್ಯವಹಾರ ಮಾಡಿದವರು. ನಾವೇ ಅಂತ ಇಟ್ಟುಕೊಳ್ಳಿ. ನಮಗೆ ನೋಟೀಸು ಬರಲೇ ಇಲ್ಲ, ಖಾತೆ ಮುಚ್ಚಲೂ ಆಗಿಲ್ಲ.

ಹಣದಾಸೆ ಅನ್ನುವವರಿದ್ದಾರೆ. ಅದು ಸುಳ್ಳು. 2024ರವರೆಗೆ ಹನ್ನೆರಡು ಕೋಟಿಗೆ ಆಡುತ್ತಿದ್ದವರು 2025ಕ್ಕೆ ನಾಲ್ಕು ಕೋಟಿಗೆ ಉಳಿದರು. ಐದು ವರ್ಷದಿಂದ ದೇಶಕ್ಕೆ ಆಡದವರನ್ನು ಎಂದೂ ದೇಶಕ್ಕೆ ಆಡದವರ ಲೆಕ್ಕಕ್ಕೆ ಸೇರಿಸುವ ನಿಯಮ ಬಂತು, ಅದರಡಿ ಉಳಿದದ್ದು. ವಿಶ್ವಕಪ್ ಗೆದ್ದ ನಾಯಕ ಕಾಗದದಲ್ಲಿ ಹೊಸ ಹುಡುಗನಾದ!

ಮಾವನಿಗೆ ಧೋನಿ ಬಗ್ಗೆ ತಕರಾರಿಲ್ಲ. ಅವರ ತಕರಾರು ಹಳೆಯದು, ಕಪಿಲ್ ದೇವ್ ಮೇಲೆ. ‘ನೀನು ಎಂಥದು ಕಂಡಿದ್ದೀಯ? ಹ್ಯಾಡ್ಲಿ 431 ವಿಕೆಟ್ ತೆಗೆದಿದ್ದ. ಕಪಿಲ್ ಒಂದೊಂದೇ ವಿಕೆಟ್ ಕೂಡಿಸ್ತಾ ಬಂದ. ನಮ್ಮ ಬೆಂಗಳೂರಲ್ಲೇ ಸರಿಗಟ್ಟಿದ, ಅಹಮದಾಬಾದಲ್ಲಿ ಮುರಿದ. 1994, ಫೆಬ್ರವರಿ 8. ಅಲ್ಲೀ ತನಕ ನಮ್ಮ ಶ್ರೀನಾಥ ಎಲ್ಲಿದ್ದ ಹೇಳು?’ ಎಲ್ಲಿದ್ದರು ಅಂತ ನಾನು ಹುಡುಕಿ ನೋಡಿದೆ. ಜಾವಗಲ್ ಶ್ರೀನಾಥ್ ಮೊದಲ ಟೆಸ್ಟ್ ಆಡಿದ್ದು 1991ರ ನವೆಂಬರಿನಲ್ಲಿ, ಬ್ರಿಸ್ಬೇನಿನಲ್ಲಿ. ಸ್ವದೇಶದ ನೆಲದಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರಿನಲ್ಲಿ, ಮುಂಬೈಯಲ್ಲಿ. ನಡುವೆ ಮೂರು ವರ್ಷ. ಕಪಿಲ್ ನಿವೃತ್ತಿ ಹೇಳಿದ್ದೂ ಆ ನವೆಂಬರಿನಲ್ಲೇ. ನಿಜ, ತಪ್ಪೆಲ್ಲ ಕಪಿಲ್ ಅವರದಲ್ಲ; ಆಗ ನಮ್ಮ ಪಿಚ್ಚುಗಳಲ್ಲಿ ಕುಂಬ್ಳೆ, ರಾಜು, ಚೌಹಾಣ್ ಮೂವರೂ ಸ್ಪಿನ್ನರುಗಳೇ ಆಡುತ್ತಿದ್ದರು, ವೇಗಿಗಳಿಗೆ ಉಳಿಯುತ್ತಿದ್ದದ್ದೇ ಎರಡು ಜಾಗ. ಆದರೂ ವೇಗದ ಬೌಲರಿಗೆ ಇಪ್ಪತ್ತೆರಡರಿಂದ ಇಪ್ಪತ್ತೈದು ಅಂದರೆ ತೋಳಿನಲ್ಲಿ ಬೆಂಕಿ ಇರುವ ವಯಸ್ಸು. ಶ್ರೀನಾಥ್ 236 ವಿಕೆಟಿಗೆ ನಿಂತರು. ಆ ಮೂರು ವರ್ಷ ಮನೆಯಂಗಳದಲ್ಲಿ ಆಡಿದ್ದರೆ ಎಷ್ಟಾಗುತ್ತಿತ್ತು ಅನ್ನುವ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಹೊಸಿಲಲ್ಲಿ ಒಬ್ಬರು ನಿಂತರೆ ಒಳಗೆ ಬರಬೇಕಾದವರು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ, ಅಷ್ಟೇ ವಿಷಯ.

ಹೋಗುವುದು ಹೇಗೆ ಅಂತ ತೋರಿಸಿಕೊಟ್ಟವರೂ ನಮ್ಮವರೇ, ಅದೂ ಇದೇ ದೆಹಲಿಯಲ್ಲಿ. ಫಿರೋಜ್ ಶಾ ಕೋಟ್ಲಾದಲ್ಲಿ 1999ರ ಫೆಬ್ರವರಿ 7ರಂದು ಪಾಕಿಸ್ತಾನದ ಹತ್ತೂ ವಿಕೆಟ್ಟನ್ನು 74 ರನ್ನಿಗೆ ತೆಗೆದ ಅನಿಲ್ ಕುಂಬ್ಳೆ, 2008ರ ನವೆಂಬರ್ 2ರಂದು ಅದೇ ಅಂಗಳದಲ್ಲಿ ಸಾಕು ಅಂದರು. ಆಸ್ಟ್ರೇಲಿಯಾ ವಿರುದ್ಧದ ಟೆಸ್ಟು, ಎಡಗೈ ಬೆರಳಿಗೆ ಹನ್ನೊಂದು ಹೊಲಿಗೆ, ನಾಯಕರೂ ಅವರೇ. ಸರಣಿ ಮುಗಿಯಲು ನಾಗಪುರದ ಪಂದ್ಯ ಬಾಕಿ ಇತ್ತು. 619ಕ್ಕೆ ನಿಲ್ಲಿಸಿದರು. ಸಂಗಡಿಗರು ಹೆಗಲ ಮೇಲೆ ಹೊತ್ತು ನಡೆದರು. ಅವರ ಜಾಗಕ್ಕೆ ನಾಯಕನಾಗಿ ಬಂದವರು ಯಾರು ಗೊತ್ತೇ? ಇದೇ ಧೋನಿ. ಒಬ್ಬರು ಸರಿಯಾದ ಹೊತ್ತಿಗೆ ಜಾಗ ಬಿಟ್ಟರೆ ಏನಾಗುತ್ತದೆ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕ್ಲಾಸಿನಲ್ಲಿ ಚೆನ್ನೈನ ಗೆಳೆಯನೊಬ್ಬನಿದ್ದಾನೆ. ‘ಬಿಡೋದಕ್ಕೆ ಜನ ಬಿಟ್ಟರೆ ತಾನೇ?’ ಅನ್ನುತ್ತಾನೆ. ಅದೂ ಸರಿಯೇ. 2023ರಲ್ಲಿ ರವೀಂದ್ರ ಜಡೇಜಾ ನಗುತ್ತಲೇ ಹೇಳಿದ್ದರು: ಧೋನಿ ಆಡಲು ಬರಲಿ ಅಂತ ಜನ ನಾನು ಔಟಾಗುವುದನ್ನೇ ಕಾಯುತ್ತಾರೆ ಎಂದು. ತಮ್ಮ ತಂಡದ ವಿಕೆಟ್ ಬಿದ್ದರೆ ಕುಣಿಯುವ ಅಭಿಮಾನ ಎಂಥ ಅಭಿಮಾನವೋ! ಮಂಡಿ ಮೊದಲಿನ ಹಾಗಿಲ್ಲ, ಹತ್ತು ಓವರ್ ಪೂರ್ತಿ ಓಡಿ ಆಡಲಾರರು ಅಂತ 2025ರಲ್ಲಿ ತರಬೇತುದಾರ ಫ್ಲೆಮಿಂಗ್ ಬಾಯಿಬಿಟ್ಟು ಹೇಳಿದರು. ನಮ್ಮ ಬೆಂಗಳೂರಿನ ವಿರುದ್ಧ ಒಂಬತ್ತನೆಯವರಾಗಿ ಬಂದರು. ಜನರಿಗೆ ಅದೂ ಸಾಕಿತ್ತು.

2025ರ ಮೇ 20ರಂದು ಕೋಟ್ಲಾದಲ್ಲಿ ಚೆನ್ನೈಗೂ ರಾಜಸ್ಥಾನಕ್ಕೂ ಪಂದ್ಯ. ಅಗ್ಗದ ಟಿಕೀಟು ಸಿಕ್ಕಿ ನಾನೂ ಹೋಗಿದ್ದೆ. ದೆಹಲಿ ತಂಡದ ಊರಿನಲ್ಲಿ ಎಲ್ಲೆಲ್ಲೂ ಹಳದಿ. ರಾಜಸ್ಥಾನದ ಪರ ವೈಭವ್ ಸೂರ್ಯವಂಶಿ ಅನ್ನುವ ಹುಡುಗ 57 ಹೊಡೆದ. ಹದಿನಾಲ್ಕು ವರ್ಷ; ವಾಂಖೆಡೆಯ ಆ ಸಿಕ್ಸರಿನ ದಿನ ಆರು ದಿನದ ಕೂಸು. ಪಂದ್ಯ ಮುಗಿದು ಎಲ್ಲರೂ ಕೈಕುಲುಕುವಾಗ ಆ ಹುಡುಗ ಬಗ್ಗಿ ಧೋನಿಯ ಕಾಲು ಮುಟ್ಟಿದ. ನನ್ನ ಪಕ್ಕದವರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಬೀಳ್ಕೊಡುಗೆಗೆ ಇದಕ್ಕಿಂತ ದೊಡ್ಡದು ಇನ್ನೇನು ಬೇಕು ಅನ್ನಿಸಿತು. ಗೆದ್ದವನು ಬಂದು ನಮಸ್ಕಾರ ಮಾಡಿದ್ದಾನೆ. ತಲೆ ಮುಟ್ಟಿ ‘ಇನ್ನು ನೀನು ನೋಡಿಕೊ’ ಅಂದಿದ್ದರೆ ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ಆದರೆ ಅದು ಬೀಳ್ಕೊಡುಗೆಯೋ ಬರೀ ನಮಸ್ಕಾರವೋ ಅಂತ ಮೈದಾನದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ನನಗೇನು ಬೇಕು? ಅವರು ಹೋಗಲಿ ಅಂತಲ್ಲ. ಮುಂಚಿತವಾಗಿ ತಿಂಗಳುಗಟ್ಟಲೆ ಡಂಗುರ ಹೊಡೆಯಲಿ ಅಂತಲೂ ಅಲ್ಲ. ಕುಂಬ್ಳೆ ಹೇಳಿದ್ದು ಆವತ್ತಿನ ದಿನವೇ, ಮೆಲ್ಬರ್ನಿನಲ್ಲಿ ಧೋನಿಯೂ ಹಾಗೆಯೇ. ಇಬ್ಬರೂ ‘ಮುಗಿಯಿತು’ ಅನ್ನುವ ಒಂದು ಮಾತು ಆಡಿದರು, ಅಷ್ಟೇ. ಆ ಮಾತು ಸಿಕ್ಕರೆ ನಾವು ಒಂದು ರಾತ್ರಿ ಅತ್ತು, ಮಾರನೇ ದಿನದಿಂದ ಅವರ ಕಥೆ ಹೇಳಲು ಶುರು ಮಾಡಬಹುದು. ಕಥೆ ಹೇಳಬೇಕಾದರೆ ಅದು ಮುಗಿದಿರಬೇಕಲ್ಲ. ಕೋಟ್ಲಾದ ಹತ್ತು ವಿಕೆಟಿನ ಕಥೆಯನ್ನು ಮಾವ ಎಷ್ಟು ಸಲ ಹೇಳಿದರೂ ಅವರ ದನಿಯಲ್ಲಿ ಒಂದಿಷ್ಟೂ ಸಿಟ್ಟಿರುವುದಿಲ್ಲ.