ಐದು ಗಂಟೆಗಳ ಲೆಕ್ಕ

ಕಳೆದ ಜುಲೈ ತಿಂಗಳ ಒಂದು ಬಿರುಬಿಸಿಲಿನ ದಿನ, ಬ್ರಾಂಪ್ಟನ್ನಿನಲ್ಲಿ ನಾನು ದುಡಿಯುವ ಕಾರ್ಖಾನೆಯ ಅಚ್ಚುಯಂತ್ರಗಳು ಸಂಜೆ ನಾಲ್ಕರ ಹೊತ್ತಿಗೆ ಒಂದೊಂದಾಗಿ ನಿಂತವು. ಕೆಟ್ಟು ನಿಂತವಲ್ಲ, ಬೇಕೆಂದೇ ನಿಲ್ಲಿಸಿದ್ದು. ಅಮೆರಿಕಕ್ಕೆ ಹೋಗಬೇಕಾದ ಕಾರಿನ ಬಿಡಿಭಾಗಗಳ ಕೆಲಸ ಅರ್ಧಕ್ಕೇ ಉಳಿಯಿತು. ನಾವು ಪೊರಕೆ ಹಿಡಿದೆವು.

ಇದರ ಹಿಂದೆ ಒಂದು ಲೆಕ್ಕವಿದೆ. ಒಂಟಾರಿಯೊ 2009ರಲ್ಲಿ ಹಸಿರು ಇಂಧನ ಕಾಯ್ದೆಯನ್ನು ತಂದಿತು. ಮನೆಯ ಚಾವಣಿಯ ಸಣ್ಣ ಸೌರಫಲಕಗಳಿಂದ ಬಂದ ವಿದ್ಯುತ್ತಿಗೆ ಆರಂಭದಲ್ಲಿ ಯೂನಿಟ್ಟಿಗೆ 80.2 ಸೆಂಟ್‌ಗಳಂತೆ 20 ವರ್ಷ ಕೊಡುವ ಒಪ್ಪಂದವಾಯಿತು. ಇಂಥ ಒಪ್ಪಂದದ ಬೆಲೆಗೂ ಮಾರುಕಟ್ಟೆಯ ಬೆಲೆಗೂ ಇರುವ ಅಂತರವನ್ನು ‘ಗ್ಲೋಬಲ್ ಅಡ್ಜಸ್ಟ್‌ಮೆಂಟ್’ ಎಂಬ ಬಾಬತ್ತಿನಲ್ಲಿ ಬಳಕೆದಾರರಿಂದ ವಸೂಲು ಮಾಡುತ್ತಾರೆ. ಅಣುವಿದ್ಯುತ್ತು ಮತ್ತು ಅನಿಲ ಸ್ಥಾವರಗಳ ವೆಚ್ಚವೂ ಅದರಲ್ಲಿ ಸೇರಿದೆ. ನಮ್ಮ ಮನೆಗಳ ಬಿಲ್ಲಿನಲ್ಲಿ ಅದು ದರದೊಳಗೇ ಬೆರೆತಿರುತ್ತದೆ.

ದೊಡ್ಡ ಉದ್ಯಮಗಳಿಗೆ 2011ರಿಂದ ಬೇರೆ ನಿಯಮ. ವರ್ಷದಲ್ಲಿ ಪ್ರಾಂತದ ಬೇಡಿಕೆ ಅತಿ ಹೆಚ್ಚಿದ ಐದು ದಿನಗಳ ಐದು ಗಂಟೆಗಳಲ್ಲಿ ಅವು ಎಳೆದ ವಿದ್ಯುತ್ತಿನ ಪಾಲೆಷ್ಟೋ, ಮುಂದಿನ ವರ್ಷ ಆ ವೆಚ್ಚದಲ್ಲಿ ಅವುಗಳ ಪಾಲೂ ಅಷ್ಟೇ. ಆ ಗಂಟೆಗಳನ್ನು ಸರಿಯಾಗಿ ಊಹಿಸಿ ಯಂತ್ರ ನಿಲ್ಲಿಸಿದವರ ಹೊರೆ ಕರಗುತ್ತದೆ. ಮೊದಲು 5 ಮೆಗಾವಾಟ್ ಮೀರಿದವರಿಗಷ್ಟೇ ಇದ್ದ ಈ ಸೌಲಭ್ಯ 2017ರಲ್ಲಿ 500 ಕಿಲೋವಾಟ್ ದಾಟಿದ ಕಾರ್ಖಾನೆಗಳಿಗೂ ದೊರೆಯಿತು.

ಮಿಸಿಸಾಗಾದಲ್ಲಿ ಪುಟ್ಟ ಖಾನಾವಳಿ ನಡೆಸುವ ನಮ್ಮತ್ತಿಗೆಗೆ ಇದನ್ನು ವಿವರಿಸಿದೆ. ‘ನಿಮ್ಮ ಯಂತ್ರ ನಿಲ್ಲಿಸಬಹುದು. ನನ್ನ ಫ್ರಿಜ್ ನಿಲ್ಲಿಸಿದರೆ ಹಾಲು ಒಡೆಯುತ್ತದೆಯಲ್ಲ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕಾರ್ಖಾನೆ ಉಳಿಸಿದ್ದು ಮಾಯವಾಗುವುದಿಲ್ಲ. ಉಳಿದವರ ಲೆಕ್ಕಕ್ಕೆ ಸೇರುತ್ತದೆ. 2017ರೊಂದರಲ್ಲೇ ಹೀಗೆ ಮನೆಗಳಿಗೂ ಸಣ್ಣ ವ್ಯಾಪಾರಗಳಿಗೂ ದಾಟಿದ ಹೊರೆ ಸುಮಾರು 120 ಕೋಟಿ ಡಾಲರ್ ಎಂದು ವಿದ್ಯುತ್ ಮಾರುಕಟ್ಟೆಯ ನಿಗಾ ಸಮಿತಿಯೇ ಅಂದಾಜಿಸಿತ್ತು. 2021ರಿಂದ ಗಾಳಿ, ಸೌರ ಒಪ್ಪಂದಗಳ ವೆಚ್ಚದ ಬಹುಪಾಲನ್ನು ಪ್ರಾಂತದ ಬೊಕ್ಕಸವೇ ಹೊರುತ್ತಿದೆ. ಬಿಲ್ಲು ಹಗುರಾಯಿತು, ಆದರೆ ಬೊಕ್ಕಸ ತುಂಬುವುದು ನಮ್ಮ ತೆರಿಗೆಯಿಂದಲೇ.

ಈ ಮಾತಿನ ನಡುವೆ ನನಗೆ ಶಿವನಸಮುದ್ರದ ನೆನಪಾಯಿತು. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ. ತಂತಿ ಹಾದುಹೋದ ಎಷ್ಟೋ ಹಳ್ಳಿಗಳು ದಶಕಗಳ ಕಾಲ ಬುಡ್ಡಿದೀಪದಲ್ಲೇ ಕಳೆದವು. ಆದರೂ ಗಣಿಯೆಂಬ ದೊಡ್ಡ ಗಿರಾಕಿ ಇಲ್ಲದಿದ್ದರೆ ಆ ಸ್ಥಾವರವೇ ಅಷ್ಟು ಬೇಗ ಏಳುತ್ತಿರಲಿಲ್ಲ.

ಇಲ್ಲಿಯೂ ಹಾಗೆಯೇ. ಈ ರಿಯಾಯಿತಿ ತಪ್ಪಿದರೆ ನಮ್ಮ ಕಾರ್ಖಾನೆ ಗಡಿಯಾಚೆಗೆ ಹೋದೀತೆಂಬ ಭಯ ನನಗಿದೆ. ನನ್ನ ಮನೆಯ ಸಾಲ ತೀರುವುದು ಅದರ ಸಂಬಳದಿಂದ. ಆದ್ದರಿಂದ ರಿಯಾಯಿತಿಯೇ ಬೇಡವೆನ್ನಲಾರೆ. ಯಾರಿಗೆಷ್ಟು ಬಿಟ್ಟರು, ಅದನ್ನು ಯಾರು ಹೊತ್ತರು ಎಂಬ ಒಂದು ಸಾಲನ್ನಾದರೂ ಬಿಲ್ಲಿನಲ್ಲಿ ಮುದ್ರಿಸಲಿ ಎಂದಷ್ಟೇ ಕೇಳುತ್ತೇನೆ. ಅತ್ತಿಗೆ ತಾನು ತೆರುತ್ತಿರುವುದೇನೆಂದು ತಿಳಿದೇ ತೆರುವಂತಾಗಬೇಕು.

ಅಂದು ಅವರು ಊಟದ ಹಣ ತೆಗೆದುಕೊಳ್ಳಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ನನ್ನನ್ನು ಕಾಡಿತು.